ಬೆಕ್ಕನ್ನು ಚಿರತೆ ಮಾಡಬೇಡಿ

ಸಾಗರ, ಹೊಸನಗರ, ತೀರ್ಥಹಳ್ಳಿ - ಯಾವ ಕಡೆ ಹೋದರೂ ಈಗ ಕಾಟಿ, ಹಂದಿ, ನವಿಲು ಕಂಡರೆ ಜನ ಮೊದಲು ಮೊಬೈಲ್ ತೆಗೀತಾರೆ. ತೆಗೆಯಲಿ. ನನ್ನ ತಕರಾರು ಇರೋದು ಫೋಟೋ ತೆಗೆದ ಮೇಲೆ ಅದಕ್ಕೆ ಕೊಡುವ 'ಪಾಲಿಶ್' ಬಗ್ಗೆ.

ಕಳೆದ ಮುಂಗಾರಿನಲ್ಲಿ ನಮ್ಮೂರ ಹುಡುಗನೊಬ್ಬ ನನ್ನ ಮೆಕ್ಕೆಜೋಳದ ಹೊಲದಂಚಿನಲ್ಲಿ ನಿಂತಿದ್ದ ಪ್ರಾಣಿಯ ಫೋಟೋ ತೆಗೆದ. ಕತ್ತಲಾಗಿತ್ತು, ಫೋಟೋ ಮಬ್ಬು. ಬೆಳಕು ಏರಿಸಿ, ಸುತ್ತಲಿನದ್ದು ಕತ್ತರಿಸಿ, 'ಶಾರ್ಪ್' ಮಾಡಿ ವಾಟ್ಸಾಪ್‌ಗೆ ಬಿಟ್ಟ. ಮೈಮೇಲೆ ಚುಕ್ಕೆ ಕಂಡವು. ಬೆಳಗಾಗುವುದರೊಳಗೆ ಚಿರತೆ ಬಂತು ಅಂತ ಊರೆಲ್ಲ ಸುದ್ದಿ. ಎಂಟು ದಿನ ಕಳೆ ತೆಗೆಯೋಕೆ ಒಬ್ಬ ಹೆಣ್ಣಾಳೂ ಬರಲಿಲ್ಲ. ಕಳೆ ಜೋಳದ ಸಮಕ್ಕೆ ಬಂತು. ಕೊನೆಗೆ ಹುಡುಗನ ಹತ್ತಿರ ಮೂಲ ಫೋಟೋ ಕೇಳಿ ನೋಡಿದೆ. ಪಕ್ಕದಲ್ಲೇ ಮೊಣಕಾಲೆತ್ತರದ ಜೋಳದ ಸಸಿ. ಪ್ರಾಣಿ ಅದಕ್ಕಿಂತ ಗಿಡ್ಡ. ಬಾಲವೂ ಗಿಡ್ಡ. ಇಲಿ ಹಿಡಿಯೋಕೆ ಬಂದ ಕಾಡುಬೆಕ್ಕು!

ಹಾಗಾದ್ರೆ ಚುಕ್ಕೆ ಎಲ್ಲಿಂದ ಬಂತು? ಸ್ಟುಡಿಯೋದವರೊಬ್ಬರನ್ನು ಕೇಳಿ ತಿಳಿದುಕೊಂಡೆ. ಕಡಿಮೆ ಬೆಳಕಿನ ಫೋಟೋದಲ್ಲಿ ರಾಗಿ ಚೆಲ್ಲಿದ ಹಾಗೆ ಕಾಳುಕಾಳು ಇರುತ್ತೆ. ಶಾರ್ಪ್ ಮಾಡೋದು ಅಂದ್ರೆ ಅಂಚಿನಲ್ಲಿ ಕಪ್ಪನ್ನು ಇನ್ನಷ್ಟು ಕಪ್ಪು, ಬಿಳಿಯನ್ನು ಇನ್ನಷ್ಟು ಬಿಳಿ ಮಾಡೋದು, ಅಷ್ಟೆ. ಕ್ಯಾಮೆರಾಕ್ಕೆ ಸಿಗದ ಕೂದಲನ್ನು ಅದು ತಂದುಕೊಡೋದಿಲ್ಲ. ಆ ಕಾಳುಗಳನ್ನೂ ಎತ್ತಿ ತೋರಿಸುತ್ತೆ. ಈಗಿನ ಕೆಲವು ಆ್ಯಪ್‌ಗಳಂತೂ ಇಲ್ಲದ ಕೂದಲನ್ನು ತಾವೇ ಊಹಿಸಿ ಬರೆದುಬಿಡ್ತವೆ.

ತೀರ್ಥಹಳ್ಳಿ ತಾಲೂಕಿನ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಗೆ ಬರುವ ಬೆಳ್ಳಕ್ಕಿಗಳ ಫೋಟೋಕ್ಕೂ ಇದೇ ಗತಿ. ಅತಿಯಾಗಿ ಶಾರ್ಪ್ ಮಾಡಿದರೆ ಗರಿಯ ನವಿರು ಹೋಗಿ, ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತೆ. ಬಣ್ಣ ಏರಿಸಿದರೆ ಕೊಕ್ಕು, ಕಾಲಿನ ಬಣ್ಣ ಕೆಡುತ್ತೆ. ಬೆಳ್ಳಕ್ಕಿಗಳಲ್ಲಿ ಇದು ಯಾವುದು ಅಂತ ಗುರುತಿಸೋಕೆ ಆ ಬಣ್ಣವೇ ಬೇಕು. ಕುಪ್ಪಳಿಯ ಪೂರ್ಣಚಂದ್ರ ತೇಜಸ್ವಿ (1938-2007) ಮೂಡಿಗೆರೆಯಲ್ಲಿ ಹಕ್ಕಿ ಫೋಟೋ ತೆಗೆಯುವ ಕಾಲಕ್ಕೆ ರೀಲು ಹಾಕಬೇಕಿತ್ತು. ಒಳ್ಳೆ ಫೋಟೋ ಬೇಕಾದರೆ ಕಾದು ಕೂರಬೇಕಿತ್ತು. ನಾವು ಕಾಯುವ ಕೆಲಸವನ್ನು ಬೆರಳಿಗೆ ಬಿಟ್ಟಿದ್ದೇವೆ.

ಹಾಗಂತ ಫೋಟೋ ತಿದ್ದಲೇಬಾರದು ಅಂತ ನಾನು ಹೇಳೋದಿಲ್ಲ. ಮೂಲ ಫೋಟೋ ಅಳಿಸದೆ, ನಕಲಿನಲ್ಲಿ ತಿದ್ದಿ. ಮೊದಲು ಬೆಳಕು ಸರಿಮಾಡಿ. ಆಮೇಲೆ ಕಾಳು ಕಡಿಮೆ ಮಾಡಿ, ಅಳತೆ ಚಿಕ್ಕದು ಮಾಡಿ. ಎಲ್ಲಕ್ಕೂ ಕೊನೆಗೆ ಒಂಚೂರು ಶಾರ್ಪ್ ಸಾಕು. ಪ್ರಾಣಿಯ ಗಾತ್ರ ತಿಳಿಸುವ ಗಿಡ, ಕಲ್ಲು ಕತ್ತರಿಸಬೇಡಿ. ತಿದ್ದಿದ್ದಾದರೆ 'ತಿದ್ದಿದ ಫೋಟೋ' ಅಂತ ಒಂದು ಮಾತು ಬರೀರಿ.

ಇನ್ನೊಂದು ವಿಷಯ. ವಾಟ್ಸಾಪ್‌ನಲ್ಲಿ ಮಾಮೂಲಿಯಂತೆ ಕಳಿಸಿದ ಫೋಟೋ ಕುಗ್ಗುತ್ತೆ; ಅದರೊಳಗಿನ ದಿನಾಂಕ, ಜಾಗದ ವಿವರವೂ ಹೋಗುತ್ತೆ. ಅರಣ್ಯ ಇಲಾಖೆಗೆ ಬೆಳೆಹಾನಿ ತೋರಿಸುವಾಗ ತಿದ್ದದ ಮೂಲವನ್ನೇ 'ಡಾಕ್ಯುಮೆಂಟ್' ಅಂತ ಕಳಿಸಿ.

ಪೇಟೆಯವರಿಗೆ ಕಾಡುಪ್ರಾಣಿ ಫೋಟೋ ಚಂದಕ್ಕೆ. ಬೆಳೆ ಕಳಕೊಂಡು ಪರಿಹಾರ ಕೇಳುವ ನಮಗೆ ಅದು ಸಾಕ್ಷಿ. ಸಾಕ್ಷಿಗೆ ನಾವೇ ಬಣ್ಣ ಬಳಿದರೆ, ನಾಳೆ ನಿಜವಾಗಿ ಚಿರತೆ ಬಂದ ದಿನ ನಮ್ಮ ಮಾತು ಯಾರು ನಂಬ್ತಾರೆ?