ಮೋಡ ಬಿತ್ತನೆ: ಬೆಳ್ಳಿಯ ಲೆಕ್ಕ, ನೀರಿನ ಲೆಕ್ಕ

ಅಂಕೋಲಾ ತಾಲ್ಲೂಕಿನ ಹಿಲ್ಲೂರಿನ ಮಕ್ಕಳಿಗೆ ಮಳೆಗಾಲವನ್ನು ವಿವರಿಸಬೇಕಾಗಿಲ್ಲ. ಅರಬ್ಬೀ ಸಮುದ್ರದ ತೇವದ ಗಾಳಿ ಸಹ್ಯಾದ್ರಿಯನ್ನು ಏರುವಾಗ ತಣಿದು ಮಳೆಯಾಗಿ ಸುರಿಯುತ್ತದೆ. ಅದೇ ಗಾಳಿ ಘಟ್ಟ ದಾಟಿ ಗದಗ, ಕೊಪ್ಪಳದತ್ತ ಸಾಗುವಷ್ಟರಲ್ಲಿ ತೇವದ ಬಹುಪಾಲು ಕಳೆದುಕೊಂಡಿರುತ್ತದೆ. ಅಲ್ಲಿ ಎಷ್ಟೋ ಬಾರಿ ಮೋಡ ಕವಿದರೂ ಮಳೆ ಬಾರದು. ಅಂಥ ಮೋಡದಿಂದ ಮಳೆ ತರಿಸಬಹುದೇ?

1946ರಲ್ಲಿ ಅಮೆರಿಕದ ವಿನ್ಸೆಂಟ್ ಶೇಫರ್ ವಿಮಾನದಿಂದ ಮೋಡಕ್ಕೆ ಒಣ ಮಂಜುಗಡ್ಡೆ ಎರಚಿ ಹಿಮ ಬೀಳುವಂತೆ ಮಾಡಿದರು. ಅದೇ ವರ್ಷ ಬರ್ನಾರ್ಡ್ ವೊನೆಗಟ್ ಸಿಲ್ವರ್ ಅಯೋಡೈಡ್‌ನ ಗುಣ ಕಂಡುಹಿಡಿದರು. ಎತ್ತರದ ಮೋಡಗಳಲ್ಲಿ ಶೂನ್ಯ ಡಿಗ್ರಿಗಿಂತ ತಣ್ಣಗಿದ್ದರೂ ಹೆಪ್ಪುಗಟ್ಟದ ಹನಿಗಳಿರುತ್ತವೆ. ಸಿಲ್ವರ್ ಅಯೋಡೈಡ್ ಹರಳಿನ ರಚನೆ ಮಂಜುಗಡ್ಡೆಯನ್ನು ಹೋಲುವುದರಿಂದ, ಅದರ ಕಣಗಳ ಸುತ್ತ ಹಿಮದ ಹರಳು ಬೆಳೆದು ಕೆಳಗೆ ಬೀಳುತ್ತದೆ. ಪಶ್ಚಿಮ ಅಮೆರಿಕದ ಪರ್ವತಗಳಲ್ಲಿ ಚಳಿಗಾಲದ ಹಿಮ ಹೆಚ್ಚಿಸಲು ಈ ವಿಧಾನ ಬಳಕೆಯಲ್ಲಿದೆ. ಆ ಹಿಮ ಕರಗಿದಾಗ ಜಲಾಶಯ ತುಂಬುತ್ತದೆ.

ಹಿಮ ಬೀಳದ ಕರ್ನಾಟಕದಲ್ಲೂ 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರಿ’ ಹೆಸರಿನ ಯೋಜನೆಗಳು ನಡೆದವು. ತಗ್ಗಿನಲ್ಲಿ ತೇಲುವ ಬೆಚ್ಚಗಿನ ಮೋಡಕ್ಕೆ ಕ್ಯಾಲ್ಸಿಯಂ ಕ್ಲೋರೈಡ್‌ನಂಥ ನೀರು ಹೀರುವ ಲವಣ ಬೇಕು. ಪುಣೆಯ ಹವಾಮಾನ ವಿಜ್ಞಾನಿಗಳು 2018 ಮತ್ತು 2019ರಲ್ಲಿ ಸೊಲ್ಲಾಪುರದಲ್ಲಿ ನಡೆಸಿದ ಪ್ರಯೋಗದಲ್ಲಿ ಕೆಲವೆಡೆ ಸುಮಾರು ಶೇ. 18ರಷ್ಟು ಹೆಚ್ಚು ಮಳೆ ಕಂಡುಬಂತು. ಆದರೆ ಮೋಡವೇ ಇಲ್ಲದ ಆಕಾಶದಿಂದ ಯಾವ ಬಿತ್ತನೆಯೂ ಹನಿ ಇಳಿಸಲಾರದು.

ಇನ್ನು ಪರಿಸರದ ಮಾತು. ಬೆಳ್ಳಿಯ ಅಯಾನುಗಳು ಮೀನಿಗೂ ಪಾಚಿಗೂ ಹಾನಿಕರ. ಆದರೆ ಸಿಲ್ವರ್ ಅಯೋಡೈಡ್ ನೀರಿನಲ್ಲಿ ಕರಗುವುದೇ ಅತ್ಯಲ್ಪ, ಬಳಸುವ ಪ್ರಮಾಣವೂ ಕಡಿಮೆ. ಹಾಗೆಂದು ಸುಮ್ಮನಿರುವಂತಿಲ್ಲ. ಒಂದೇ ಕಡೆ ವರ್ಷಗಟ್ಟಲೆ ಬಿತ್ತಿದರೆ ಅಲ್ಲಿಯ ಮಣ್ಣು, ನೀರನ್ನು ಪರೀಕ್ಷಿಸುತ್ತಲೇ ಇರಬೇಕು.

ಅದಕ್ಕಿಂತ ದೊಡ್ಡದು ಹೊಣೆಯ ಪ್ರಶ್ನೆ. ಧಾರವಾಡದ ಬಳಿ ಹುಟ್ಟುವ ಬೇಡ್ತಿ, ಗಂಗಾವಳಿಯಾಗಿ ಅಂಕೋಲಾ ತಾಲ್ಲೂಕಿನಲ್ಲಿ ಹರಿದು ಕಡಲು ಸೇರುತ್ತದೆ. ಮೇಲೆ ಬಿದ್ದ ಮಳೆ ಕೆಳಗಿನವರ ಅಂಗಳಕ್ಕೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಘಟ್ಟದಲ್ಲಿ ಸುರಿದ ಭಾರೀ ಮಳೆಗೆ ಗಂಗಾವಳಿ ಉಕ್ಕಿ ಮನೆ, ಗದ್ದೆಗಳು ಮುಳುಗಿದವು. ಅಂಥ ದಿನ ಮೇಲೆ ಮೋಡ ಬಿತ್ತನೆಯೂ ನಡೆದರೆ, ಯಾವ ನೀರು ಪ್ರಕೃತಿಯದು, ಯಾವುದು ಮನುಷ್ಯನದು ಎಂದು ವಿಂಗಡಿಸುವವರು ಯಾರು? ಅಮೆರಿಕದ ಹಲವು ಯೋಜನೆಗಳಲ್ಲಿ ಹಿಮ ಮಿತಿ ಮೀರಿದರೆ ಅಥವಾ ಪ್ರವಾಹದ ಭಯವಿದ್ದರೆ ಬಿತ್ತನೆ ನಿಲ್ಲಿಸುವ ನಿಯಮವಿದೆ. ಇಲ್ಲಿಯೂ ಅಂಥ ನಿಯಮ ಬೇಕು. ಅದು ನದಿಯ ಕೆಳಗಿನ ಊರುಗಳಿಗೂ ಮೊದಲೇ ತಿಳಿದಿರಬೇಕು.

ಬಿತ್ತನೆಯಿಂದ ಎಷ್ಟು ಮಳೆ ಹೆಚ್ಚಿತೆಂದು ಹೇಳಲು ಸಹಜ ಮಳೆಯ ಲೆಕ್ಕ ಕೈಯಲ್ಲಿರಬೇಕು. ವಿದ್ಯಾರ್ಥಿಗಳೇ, ಆ ಕೆಲಸ ನಿಮ್ಮ ಅಂಗಳದಲ್ಲೇ ಆರಂಭವಾಗಬಹುದು. ನೇರ ಗೋಡೆಯ, ಸಪಾಟು ತಳದ ಒಂದು ಡಬ್ಬಿಯನ್ನು ಮರದಿಂದ ದೂರ, ಬಯಲಲ್ಲಿ ಇಡಿ. ದಿನವೂ ಬೆಳಿಗ್ಗೆ ಎಂಟೂವರೆಗೆ ನೀರಿನ ಎತ್ತರವನ್ನು ಮಿಲಿಮೀಟರ್‌ಗಳಲ್ಲಿ ಅಳೆದು ಬರೆದು, ಡಬ್ಬಿ ಖಾಲಿ ಮಾಡಿ. ಪಾಲಕರು ಆ ಪುಸ್ತಕವನ್ನು ರದ್ದಿಗೆ ಹಾಕದೆ ಜೋಪಾನವಾಗಿಡಲಿ. ನಾಳೆ ಯಾರಾದರೂ ಮಳೆ ತರಿಸಿದೆವೆಂದಾಗ ಊರಿನ ಕೈಯಲ್ಲೂ ಒಂದು ಲೆಕ್ಕವಿರುತ್ತದೆ.