ಸರಪಳಿ ಗರಗಸವೂ ಹಿತ್ತಲ ಮಾವಿನ ಕೊಂಬೆಯೂ

ಮನೆಯ ಮರ ಸವರಲು ಸರಪಳಿ ಗರಗಸ, ಎಂದರೆ ‘ಚೈನ್ ಸಾ’, ಕೊಳ್ಳಬಹುದೇ ಎಂದು ಸಂಘದ ಇಬ್ಬರು ಸದಸ್ಯರು ನಮ್ಮನ್ನು ಕೇಳಿದ್ದಾರೆ. ನಮ್ಮ ಪಾಂಡಿತ್ಯಕ್ಕೆ ಮಾರುಹೋಗಿ ಕೇಳಿದರೆಂದು ಯಾರೂ ತಿಳಿಯಬೇಕಾಗಿಲ್ಲ. ಹೋದ ಮಳೆಗಾಲದಲ್ಲಿ ನಾವು ಪಟ್ಟ ಪೇಚು ಅವರ ಕಿವಿಗೂ ಬಿದ್ದಿದೆ.

ಪುಣೆಯ ನಮ್ಮ ಮನೆಯ ಹಿತ್ತಲಿನಲ್ಲಿ ಮಾವಿನ ಕೊಂಬೆಯೊಂದು ಮುರಿದು ಜೋತುಬಿದ್ದಿತ್ತು. ಸ್ನೇಹಿತರ ಪೆಟ್ರೋಲ್ ಗರಗಸವನ್ನು ಕಡ ತಂದು ಏಣಿ ಹತ್ತಿದೆವು. ಮನೆಯಾಕೆ ಬೇಡವೆಂದು ಕೂಗಿದುದು ಯಂತ್ರದ ಅಬ್ಬರದಲ್ಲಿ ಕೇಳಿಸಲಿಲ್ಲ. ಗರಗಸದ ಮೂತಿ ಹಿಂದಿದ್ದ ರೆಂಬೆಗೆ ತಗುಲಿದ್ದೇ ತಡ, ಯಂತ್ರ ಚಿಮ್ಮಿ ನಮ್ಮ ಮುಖದತ್ತ ಬಂದಿತು. ಬ್ರೇಕು ಹಿಡಿದು ಸರಪಳಿಯೇನೋ ನಿಂತಿತು. ನಾವು ಏಣಿಸಹಿತ ನೆಲಕ್ಕೆ ಬಂದೆವು. ನಮಗೆ ಮೊಣಕೈ ತರಚಿತಷ್ಟೆ. ಆದರೆ ಏಣಿಯ ಬುಡ ಹಿಡಿದು ನಿಂತಿದ್ದವನು ನಮ್ಮ ಎಂಟು ವರ್ಷದ ಮಗ. ಯಂತ್ರ ಅವನಿಂದ ಎರಡು ಮೊಳ ದೂರದಲ್ಲಿ ಬಿದ್ದಿತು.

ಹೀಗೇಕಾಯಿತು? ಈ ಸರಪಳಿ ಸೆಕೆಂಡಿಗೆ ಸುಮಾರು ೨೦ ಮೀಟರ್ ವೇಗದಲ್ಲಿ ಓಡುತ್ತದೆ. ಅದು ಸುತ್ತುವ ಪಟ್ಟಿಯ ಮೂತಿಯ ಮೇಲ್ಭಾಗ ಯಾವುದಕ್ಕಾದರೂ ತಾಗಿದರೆ ಹಲ್ಲು ಅಲ್ಲಿಯೇ ಕಚ್ಚಿಕೊಂಡು, ಆ ರಭಸವೆಲ್ಲ ಯಂತ್ರವನ್ನು ಹಿಡಿದವನ ಕಡೆಗೇ ಎಸೆಯುತ್ತದೆ. ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಡ. ಆದುದರಿಂದ ಕೊಳ್ಳುವಾಗ ಮೊದಲು ನೋಡಬೇಕಾದುದು ಬಲವನ್ನಲ್ಲ, ಬ್ರೇಕನ್ನು. ಮುಂದಿನ ಹಿಡಿಯೆದುರಿನ ಕಾಪನ್ನು ಮುಂದಕ್ಕೆ ನೂಕಿದೊಡನೆ ಸರಪಳಿ ನಿಲ್ಲಬೇಕು. ಹಿಂದೊದೆತ ಕಡಿಮೆಯಿರುವ ಸರಪಳಿಯನ್ನೇ ಕೇಳಿ ಪಡೆಯಿರಿ. ಮನೆಗೆಲಸಕ್ಕೆ ೧೨ರಿಂದ ೧೪ ಅಂಗುಲದ ಪಟ್ಟಿ ಸಾಕು. ಬ್ಯಾಟರಿಯ ಯಂತ್ರಕ್ಕೆ ಹೊಗೆಯಿಲ್ಲ, ಗದ್ದಲವೂ ಕಡಿಮೆ. ಪೆಟ್ರೋಲಿನದಕ್ಕೆ ಎಣ್ಣೆ ಬೆರೆಸುವ ಲೆಕ್ಕ, ಕಿವಿಗೆ ಮುಚ್ಚಳ ಎಲ್ಲವೂ ಬೇಕು. ಸರಪಳಿಗೆ ಹಾಕುವ ಎಣ್ಣೆ ಎರಡಕ್ಕೂ ಬೇರೆಯೇ. ಎರಡು ಅಂಗುಲದ ರೆಂಬೆಗೆ ಯಂತ್ರವೇಕೆ? ಕೈಗರಗಸ ಧಾರಾಳವಾಯಿತು.

ಇನ್ನು ಬಳಸುವ ಕ್ರಮ. ಕನ್ನಡಕ, ಗಟ್ಟಿ ಬೂಟು, ಕಾಲಿಗೆ ಇದಕ್ಕೆಂದೇ ಮಾಡಿದ ರಕ್ಷಾಕವಚ ಇರಲಿ. ಪಂಚೆಯುಟ್ಟು ಈ ಕೆಲಸಕ್ಕೆ ಇಳಿಯಬೇಡಿ. ಪೆಟ್ರೋಲಿನ ಯಂತ್ರವನ್ನು ನೆಲದ ಮೇಲಿಟ್ಟು, ಹಿಂದಿನ ಹಿಡಿಯನ್ನು ಕಾಲಿನಿಂದ ಒತ್ತಿ ಚಾಲೂ ಮಾಡಬೇಕು. ಎರಡೂ ಕೈಗಳಿಂದ, ಹೆಬ್ಬೆರಳು ಹಿಡಿಯನ್ನು ಸುತ್ತುವಂತೆ ಹಿಡಿಯಿರಿ. ಹೆಗಲಿಗಿಂತ ಮೇಲೆ ಎತ್ತಕೂಡದು. ಏಣಿಯ ಮೇಲಂತೂ ಎಂದಿಗೂ ಕೂಡದು. ಚಕ್ಕೆ ಉದುರುತ್ತಿದ್ದರೆ ಹಲ್ಲು ಹರಿತವಾಗಿದೆ. ಹಿಟ್ಟಿನಂಥ ಪುಡಿ ಉದುರಿದರೆ ಮೊಂಡಾಗಿದೆ, ನಿಲ್ಲಿಸಿ ಸಾಣೆ ಹಿಡಿಸಿರಿ. ಸರಪಳಿಯನ್ನು ಮುಟ್ಟುವ ಮೊದಲು ಬ್ಯಾಟರಿ ತೆಗೆದಿಡಿ. ಭಾರವಾದ ಕೊಂಬೆಗೆ ಮೊದಲು ಕೆಳಗಿನಿಂದ ಕಾಲುಭಾಗ, ಅನಂತರ ತುಸು ಆಚೆ ಮೇಲಿನಿಂದ ಕೊಯ್ಯಬೇಕು. ಇಲ್ಲವಾದರೆ ತೊಗಟೆ ಕಾಂಡದವರೆಗೂ ಸೀಳಿಬರುತ್ತದೆ. ಮಕ್ಕಳು ಮನೆಯೊಳಗಿರಲಿ. ವಿದ್ಯುತ್ ತಂತಿಯ ಹತ್ತಿರದ ಕೊಂಬೆ ನಮ್ಮದಲ್ಲ, ವಿದ್ಯುತ್ ಇಲಾಖೆಯವರದು ಎಂದು ತಿಳಿಯಿರಿ.

ಮತ್ತೊಂದು ಮಾತು. ಮಹಾರಾಷ್ಟ್ರದ ನಗರಗಳಲ್ಲಿ ೧೯೭೫ರ ವೃಕ್ಷಸಂರಕ್ಷಣೆಯ ಕಾಯಿದೆಯಂತೆ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ಕೊಂಬೆ ಸವರುವ ಮುನ್ನವೂ ನಗರಪಾಲಿಕೆಯನ್ನು ಕೇಳುವುದು ಲೇಸು. ದಿನವೂ ಊರವರ ಅರ್ಜಿಗಳನ್ನು ತಿರುವಿಹಾಕುವ ನಮಗೆ ನಮ್ಮದೇ ಒಂದು ಅರ್ಜಿ ಬರೆಯಬೇಕೆಂದು ಹೊಳೆದದ್ದು ಬಿದ್ದ ಮೇಲೆ!

ಕಡೆಗೆ ಅನುಮತಿ ಪಡೆದು, ಕಸುಬಿನವರನ್ನೇ ಕರೆಸಿದೆವು. ಅವರು ಹಗ್ಗ ಕಟ್ಟಿ ಕೊಂಬೆಯನ್ನು ಮಗುವನ್ನಿಳಿಸಿದಂತೆ ಇಳಿಸಿದರು. ನಾವು ಮಗನ ಕೈ ಹಿಡಿದು ಕಿಟಕಿಯಿಂದ ನೋಡಿದೆವು. ಮೊದಲು ದುಬಾರಿಯೆನಿಸಿದ್ದ ಅವರ ಕೂಲಿ ಅಂದು ಬಹಳ ಅಗ್ಗವೆಂದು ತೋರಿತು.