ಹೊರಡುವ ಮುನ್ನ ಬಾಗಿಲು ಹಾಕುವ ಪ್ರೋಗ್ರಾಂ

ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕಿನ ಸೊಪ್ಪು ಹದವಾದ ಕೂಡಲೇ ರೈತ ಮನೆಗೆ ಹೊರಟುಬಿಡುವುದಿಲ್ಲ. ಬ್ಯಾರನ್ನಿನ ಒಲೆಯ ಬೆಂಕಿ ಆರಿತೇ, ಬಾಗಿಲು ಭದ್ರವಾಗಿದೆಯೇ ಎಂದು ನೋಡಿಯೇ ಹೊರಡುತ್ತಾನೆ. ಗಣಕಯಂತ್ರದ ಪ್ರೋಗ್ರಾಮಿಗೂ ಇಂಥ ಶಿಸ್ತು ಬೇಕು.

ಒಂದು ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕದ ಲೆಕ್ಕ ಇಡಲು ವಿದ್ಯಾರ್ಥಿಯೊಬ್ಬ ಪ್ರೋಗ್ರಾಂ ಬರೆದಿದ್ದಾನೆ ಎಂದಿಟ್ಟುಕೊಳ್ಳಿ. ಶುರುವಾದಾಗ ಅದು ಮೊದಲು ಒಂದು 'ಬೀಗದ ಕಡತ' ಇಡುತ್ತದೆ. ಇಬ್ಬರು ಏಕಕಾಲಕ್ಕೆ ಲೆಕ್ಕ ತಿದ್ದಬಾರದೆಂಬುದು ಅದರ ಉದ್ದೇಶ. ಅನಂತರ ಲೆಕ್ಕದ ಕಡತ ತೆರೆಯುತ್ತದೆ. ಮುಗಿಯುವಾಗ ಎರಡನ್ನೂ ಸರಿಮಾಡಬೇಕು. ಮರೆತರೆ, ಮರುದಿನ 'ಬೇರೊಬ್ಬರು ಬಳಸುತ್ತಿದ್ದಾರೆ' ಎಂದು ಪ್ರೋಗ್ರಾಂ ಹಟ ಹಿಡಿಯುತ್ತದೆ.

ಇದಕ್ಕೆಂದೇ ಸಿ ಭಾಷೆಯಲ್ಲಿ 'ಅಟ್‌ಎಕ್ಸಿಟ್' ಎಂಬ ಸೌಲಭ್ಯವಿದೆ. ಅಮೆರಿಕದಲ್ಲಿ 1989ರಲ್ಲಿ ಒಪ್ಪಿದ ಸಿ ಭಾಷೆಯ ಮಾನಕದಲ್ಲೇ ಇದು ಸೇರಿದೆ. 'ಹೊರಡುವಾಗ ಈ ಕೆಲಸ ಮಾಡು' ಎಂದು ಫಂಕ್ಷನ್ನಿನ ಹೆಸರನ್ನು ಮೊದಲೇ ನೋಂದಾಯಿಸಿದರೆ ಸಾಕು. ಇಂಥ 32 ಫಂಕ್ಷನ್‌ಗಳಿಗಾದರೂ ಜಾಗವಿರಬೇಕೆಂಬುದು ನಿಯಮ. ಪೈಥಾನ್ ಭಾಷೆಯಲ್ಲಿಯೂ ಇದೇ ಹೆಸರಿನ ಸೌಲಭ್ಯವಿದೆ.

ಇಲ್ಲಿನ ಸ್ವಾರಸ್ಯವಿರುವುದು ಸರದಿಯಲ್ಲಿ. ಕೃಷ್ಣರಾಜನಗರದ ಅಕ್ಕಿ ಗಿರಣಿಯಲ್ಲಿ ಒಂದರ ಮೇಲೊಂದು ಪೇರಿಸಿದ ಮೂಟೆಗಳಲ್ಲಿ ಕೊನೆಗೆ ಇಟ್ಟದ್ದೇ ಮೊದಲು ಕೆಳಗಿಳಿಯುತ್ತದೆ. ಹಾಗೆಯೇ ಕೊನೆಗೆ ನೋಂದಾಯಿಸಿದ ಫಂಕ್ಷನ್ ಮೊದಲು ಓಡುತ್ತದೆ. ಬೀಗ ಇಟ್ಟ ಕೂಡಲೇ 'ಬೀಗ ತೆಗೆ' ಎಂದೂ, ಕಡತ ತೆರೆದ ಕೂಡಲೇ 'ಕಡತ ಮುಚ್ಚು' ಎಂದೂ ನೋಂದಾಯಿಸಿದರೆ, ಹೊರಡುವಾಗ ಮೊದಲು ಕಡತ ಮುಚ್ಚಿ, ಬಳಿಕ ಬೀಗ ತೆಗೆಯುತ್ತದೆ. ಸರದಿ ತಲೆಕೆಳಗಾದರೆ ಬರವಣಿಗೆ ಮುಗಿಯುವ ಮೊದಲೇ ಇನ್ನೊಬ್ಬರು ಒಳಬಂದು ಲೆಕ್ಕ ಕೆಡಿಸಬಹುದು.

ಆದರೆ ಇದೆಲ್ಲ ಪ್ರೋಗ್ರಾಂ ಸಹಜವಾಗಿ ಮುಗಿದಾಗ ಮಾತ್ರ. ಹೆಗ್ಗಡದೇವನಕೋಟೆಯ ಕಡೆ ಮಳೆಗಾಳಿಗೆ ಕರೆಂಟ್ ಹೋಯಿತೆನ್ನಿ. ಆಗ ಒಂದು ಫಂಕ್ಷನ್ ಕೂಡ ಓಡುವುದಿಲ್ಲ. ಪ್ರೋಗ್ರಾಂ ತಾನೇ 'ಅಬಾರ್ಟ್' ಕರೆದು ಅರ್ಧಕ್ಕೆ ನಿಂತರೂ ಅಷ್ಟೇ. ಬೀಗ ಹಾಗೆಯೇ ಉಳಿಯುತ್ತದೆ. ಡಿಸ್ಕಿಗೆ ಇನ್ನೂ ಇಳಿಯದೆ ನೆನಪಿನಲ್ಲಷ್ಟೇ ಇದ್ದ ಲೆಕ್ಕ ಅಳಿಸಿಹೋಗುತ್ತದೆ. ಪುಸ್ತಕ ಮರಳಿಸಿದ ಮಗುವೇ ದಂಡ ಕಟ್ಟುವ ಪ್ರಸಂಗವೂ ಬಂದೀತು!

ಆದ್ದರಿಂದ ಜಾಣ ವಿದ್ಯಾರ್ಥಿ ಎರಡು ಮುಂಜಾಗ್ರತೆ ವಹಿಸುತ್ತಾನೆ. ಪ್ರತಿ ಪುಸ್ತಕದ ಲೆಕ್ಕವನ್ನು ಆಗಿಂದಾಗಲೇ ಡಿಸ್ಕಿಗೆ ಉಳಿಸುತ್ತಾನೆ. ಪ್ರೋಗ್ರಾಂ ಶುರುವಾಗುವಾಗ ಹಿಂದಿನ ದಿನದ ಬೀಗ ಉಳಿದಿದೆಯೇ ಎಂದು ನೋಡಿ, ಯಾರೂ ಬಳಸುತ್ತಿಲ್ಲವೆಂದು ಖಚಿತವಾದರೆ ತೆಗೆಯುತ್ತಾನೆ. ಹೊರಡುವಾಗಿನ ಶಿಸ್ತು ಒಳ್ಳೆಯದೇ. ಹೇಳದೆ ಹೊರಡಬೇಕಾದ ದಿನಕ್ಕೂ ಸಿದ್ಧತೆ ಇರಬೇಕು.

ಪಾಲಕರು ಮನೆಯಲ್ಲಿ ಕಲಿಸಬಹುದಾದ ಪಾಠವೂ ಇಲ್ಲಿದೆ. ಕೆಲಸ ಮುಗಿಯಿತೆಂದು ಮಕ್ಕಳು ಗಣಕದ ಸ್ವಿಚ್ಚನ್ನು ಪಟ್ಟೆಂದು ಆರಿಸದಿರಲಿ. ತೆರೆದದ್ದನ್ನೆಲ್ಲ ಮುಚ್ಚಿ, ಕ್ರಮವಾಗಿ ನಿಲ್ಲಿಸಲಿ.